ದೊಡ್ಡ ಟಿವಿ, ಹಳೇ ಚಿತ್ರ, ಹರಡಿಕೊಂಡ ಮುಖಗಳು

ಯಾರ ಮನೆಗೆ ಹೋದರೂ ಸ್ವಲ್ಪ ಹೊತ್ತಿಗೆ ನನ್ನ ಕೈ ಅವರ ರಿಮೋಟಿನ ಕಡೆ ಹೋಗುತ್ತದೆ. ಚಾನೆಲ್ ಬದಲಾಯಿಸೋಕಲ್ಲ. ಅವರು ಏನು ಬೇಕಾದರೂ ನೋಡಲಿ, ನನ್ನದೇನೂ ತಕರಾರಿಲ್ಲ. ಆದರೆ ಗೋಡೆ ತುಂಬ ಟಿವಿ ಹಾಕಿಸಿ, ಅದರಲ್ಲಿ ಹಳೇ ಧಾರಾವಾಹಿಯನ್ನೋ ಹಳೇ ಸಿನಿಮಾವನ್ನೋ ಅಡ್ಡಡ್ಡ ಎಳೆದು ನೋಡುತ್ತಿರುತ್ತಾರಲ್ಲ, ಅದರ ಮುಂದೆ ಕೂತು ಕಾಫಿ ಕುಡಿಯುವುದು ನನ್ನಿಂದಾಗದು. ನಾಯಕಿಯ ಮುಖ ಅಗಲಕ್ಕೆ ಹರಡಿರುತ್ತದೆ. ಅವಳ ಹಿಂದಿನ ಗೋಡೆ ಗಡಿಯಾರ ಅಡ್ಡ ಮಲಗಿದ ಮೊಟ್ಟೆಯಾಗಿರುತ್ತದೆ. ತೆಳ್ಳಗಿದ್ದ ನಾಯಕ ಇದ್ದಕ್ಕಿದ್ದಂತೆ ಪೈಲ್ವಾನನಾಗಿರುತ್ತಾನೆ. ಸೀರೆ ಎಲ್ಲಿ ಮುಗಿಯಿತು, ಸೋಫಾ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಮನೆಯವರು ಮಾತ್ರ ಆರಾಮಾಗಿ ನೋಡುತ್ತಿರುತ್ತಾರೆ.

ಬರೀ ನನ್ನ ಕಿರಿಕಿರಿ ಅಂತ ಇದನ್ನು ಬಿಟ್ಟುಬಿಡಬಹುದಿತ್ತು. ಆದರೆ ಒಂದು ಪ್ರಶ್ನೆ ಬಿಡಲಿಲ್ಲ. ಇದೇ ಧಾರಾವಾಹಿಗಳನ್ನು ನಾವು 21 ಇಂಚಿನ ಡಬ್ಬಾ ಟಿವಿಯಲ್ಲಿ ನೋಡಿದ್ದೆವು. ಆಗ ಚೆನ್ನಾಗೇ ಕಾಣುತ್ತಿತ್ತು. ಮಸುಕು ಅಂತ ಯಾರೂ ಗೊಣಗಿದ ನೆನಪಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ನೆನಪಾ, ಹೊಸ ಟಿವಿಯಾ? ಯೋಚನೆ ಮಾಡಿದಷ್ಟೂ ನನಗೆ ಟಿವಿ ಮೇಲೇ ಅನುಮಾನ ಜಾಸ್ತಿಯಾಗಿದೆ.

ಮುಕ್ಕಾಲು ಟಿವಿ

ಹಾಸನದಲ್ಲಿ ನಮ್ಮ ದೊಡ್ಡಪ್ಪನ ಮನೆಗೆ 55 ಇಂಚಿನ 4ಕೆ ಟಿವಿ ಬಂತು. ಮಗ ಕೊಡಿಸಿದ್ದು. ಅಂಗಡಿಯಲ್ಲಿ ಜೇನುಹುಳ, ಸೂರ್ಯಕಾಂತಿ, ರಾತ್ರಿ ಹೊತ್ತಿನ ಯಾವುದೋ ಊರಿನ ದೀಪಗಳನ್ನು ತೋರಿಸಿದ್ದರಂತೆ. ಮನೆಗೆ ಬಂದ ಮೇಲೆ ಜೇನುಹುಳ ಇಲ್ಲ. ಟಿವಿ ಹೊಸದು, ಕೆಳಗಿನ ಸೆಟ್‌ಟಾಪ್ ಬಾಕ್ಸು ಮಾತ್ರ ಹಳೆಯದು. ಅದರಿಂದ ಹಳದಿ, ಬಿಳಿ, ಕೆಂಪು ಪಿನ್ನಿನ ಅದೇ ಮೂರು ವೈರು ಎದ್ದು ಬಂದು ಟಿವಿಯ ಬೆನ್ನಿಗೆ ಚುಚ್ಚಿಕೊಂಡಿದ್ದವು. ಇದೊಂದು ಮನೆಯ ಕತೆಯಲ್ಲ. ಆ ಹಳದಿ ಪಿನ್ನಿನಲ್ಲಿ ಎಚ್‌ಡಿ ಚಿತ್ರ ಹೋಗುವುದೇ ಇಲ್ಲ. ಬಾಕ್ಸು ಎಚ್‌ಡಿ ಆಗಿದ್ದರೂ ಅಷ್ಟೇ, ಅದರೊಳಗಿಂದ ಬರುವುದು ಎಸ್‌ಡಿ ಮಾತ್ರ, ಅಂದರೆ ಹಳೇ ಟಿವಿಯ ಕಡಿಮೆ ವಿವರದ ಚಿತ್ರ. ಎಷ್ಟೋ ಮನೆಗಳಲ್ಲಿ ಎಚ್‌ಡಿ ಪ್ಯಾಕಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿ, ಈ ಪಿನ್ನಿನಲ್ಲೇ ನೋಡುತ್ತಿದ್ದಾರೆ.

ಮಧ್ಯಾಹ್ನದ ಹೊತ್ತು. ಯಾವುದೋ ಹಳೇ ಧಾರಾವಾಹಿಯ ಮರುಪ್ರಸಾರ ಬರುತ್ತಿತ್ತು. ದೊಡ್ಡಪ್ಪ ಸೋಫಾದಲ್ಲಿ, ಟಿವಿಗೆ ಏಳೆಂಟು ಅಡಿ ದೂರ. ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ, ಆಗಾಗ ತಲೆ ಎತ್ತಿ ನೋಡುತ್ತಿದ್ದರು.

“ದೊಡ್ಡಪ್ಪ, ಇದನ್ನ ಸ್ವಲ್ಪ ಸರಿ ಮಾಡ್ಲಾ?” ಅಂದೆ.

“ಏನಾಗಿದೆಯೋ ಅದಕ್ಕೆ? ಚೆನ್ನಾಗೇ ಬರ್ತಿದೆಯಲ್ಲ.”

ಪಿಕ್ಚರ್ ಸೈಜಿಗೆ ಹೋಗಿ 4:3 ಮಾಡಿದೆ, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು, ಡಬ್ಬಾ ಟಿವಿಯ ಅಳತೆ. ಮುಖಗಳು ಮುಖಗಳಾದವು, ಗಡಿಯಾರ ದುಂಡಗಾಯಿತು. ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಬಂತು. ದೊಡ್ಡಪ್ಪನ ಮುಖವೂ ಕಪ್ಪಿಟ್ಟಿತು.

“ಇದೇನೋ ಇದು, ಪಕ್ಕದಲ್ಲಿ ಖಾಲಿ ಬಿಟ್ಯಲ್ಲ? ಅಷ್ಟು ದುಡ್ಡು ಸುರಿದು ತಂದಿರೋದು, ಮುಕ್ಕಾಲು ಟಿವಿ ನೋಡ್ಬೇಕಾ?”

ಅವರ ಲೆಕ್ಕ ಪಕ್ಕಾ. ಈಗಿನ ಟಿವಿಗಳ 16:9 ಪರದೆಯಲ್ಲಿ 4:3 ಚಿತ್ರ ಹಿಡಿಯುವುದು ಸರಿಯಾಗಿ ಮುಕ್ಕಾಲು ಭಾಗವೇ. ಉಳಿದ ಕಾಲು ಭಾಗವನ್ನೂ ತುಂಬಬೇಕೆಂದರೆ ಎರಡೇ ದಾರಿ. ಒಂದು, ಎಲ್ಲರನ್ನೂ ಮೂರನೇ ಒಂದು ಭಾಗದಷ್ಟು ದಪ್ಪ ಮಾಡುವುದು. ಇನ್ನೊಂದು ಜೂಮ್ ಮಾಡುವುದು. ಆಗ ಮೇಲೆ ಕೆಳಗೆ ಸೇರಿ ಕಾಲು ಭಾಗ ಹೋಗುತ್ತದೆ. ತಲೆಗೂದಲು ಕತ್ತರಿಸಿ ಹೋಗುತ್ತದೆ, ಕೆಳಗೆ ಬರುವ ಅಕ್ಷರದ ಪಟ್ಟಿಯೂ ಹೋಗುತ್ತದೆ. ಇನ್ನು ಈಗಿನ ಅಗಲದ ಧಾರಾವಾಹಿಯನ್ನು ಆ ಹಳೇ ಬಾಕ್ಸಿನಲ್ಲಿ ನೋಡಿದರೆ ಇನ್ನೊಂದು ತಮಾಷೆ. ಬಾಕ್ಸು ತನ್ನ ಕಡೆಯಿಂದ ಮೇಲೆ ಕೆಳಗೆ ಕಪ್ಪು ಹಾಕುತ್ತದೆ, ಟಿವಿ ತನ್ನ ಕಡೆಯಿಂದ ಅಕ್ಕಪಕ್ಕ ಕಪ್ಪು ಹಾಕುತ್ತದೆ. ನಾಲ್ಕೂ ಕಡೆ ಕಪ್ಪು, ನಡುವೆ ಚಿತ್ರ.

“ಬಿಡಪ್ಪ, ಅವ್ಳು ದಪ್ಪ ಕಂಡ್ರೇನು, ಸಣ್ಣ ಕಂಡ್ರೇನು. ಮಾತು ಕೇಳಿದ್ರೆ ಸಾಕು ನಮಗೆ” ಅಂದರು ದೊಡ್ಡಮ್ಮ, ಬಾಗಿಲಿಂದಲೇ.

ಆಗ ಅದು ಸಮಾಧಾನದ ಮಾತು ಅನ್ನಿಸಿತು. ಆಮೇಲೆ ನೋಡಿದರೆ ಇಡೀ ವಿಷಯದ ಬಗ್ಗೆ ಅದಕ್ಕಿಂತ ಸರಿಯಾದ ಮಾತು ನನಗಿನ್ನೂ ಸಿಕ್ಕಿಲ್ಲ.

ಇಪ್ಪತ್ತರಲ್ಲಿ ಹತ್ತೊಂಬತ್ತು

ಸ್ವಲ್ಪ ಲೆಕ್ಕ. ಬೇಡದವರು ಮುಂದಕ್ಕೆ ಹಾರಬಹುದು. ನಮ್ಮ ದೇಶದ ಹಳೇ ಟಿವಿ ಪದ್ಧತಿ ಪಾಲ್. ಅದರಲ್ಲಿ 625 ಗೆರೆ, ಚಿತ್ರ ಇರುವುದು 576ರಲ್ಲಿ. ಡಿಜಿಟಲ್ ಆದಾಗ ಅದು ಅಗಲಕ್ಕೆ 720, ಎತ್ತರಕ್ಕೆ 576 ಚುಕ್ಕಿ ಆಯಿತು. ಒಟ್ಟು 4,14,720. ಪೂರ್ತಿ ಎಚ್‌ಡಿ ಟಿವಿಯಲ್ಲಿ 1920ಕ್ಕೆ 1080, ಅಂದರೆ 20,73,600 ಚುಕ್ಕಿ, ಸರಿಯಾಗಿ ಐದು ಪಟ್ಟು. 4ಕೆ ಟಿವಿಯಲ್ಲಿ 82,94,400. ಸರಿಯಾಗಿ ಇಪ್ಪತ್ತು ಪಟ್ಟು. ದೊಡ್ಡಪ್ಪ ಪರದೆ ತುಂಬ ಹಿಗ್ಗಿಸಿ ನೋಡುವಾಗ ಪ್ರತಿ ಇಪ್ಪತ್ತು ಚುಕ್ಕಿಯಲ್ಲಿ ಒಂದು ಚುಕ್ಕಿಯಷ್ಟು ಮಾತ್ರ ಸ್ಟುಡಿಯೋದಿಂದ ಬಂದದ್ದು. ಉಳಿದ ಹತ್ತೊಂಬತ್ತು ಟಿವಿಯೊಳಗಿನ ಚಿಪ್ಪು ಊಹೆ ಮಾಡಿ ತುಂಬಿದ್ದು. ಏಳು ಚುಕ್ಕಿಯ ರಂಗೋಲಿಯನ್ನು ಚುಕ್ಕಿ ಜಾಸ್ತಿ ಮಾಡದೆ ಅಂಗಳದಗಲ ಎಳೆಯಿರಿ ಅಂದರೆ ಹೇಗೋ ಹಾಗೆ. ಗೆರೆಯೇನೋ ಸೇರುತ್ತದೆ, ಬಳುಕು ನಮ್ಮ ಮನಸ್ಸಿಗೆ ಬಂದಂತೆ.

ಬಣ್ಣದ ಕತೆ ಇನ್ನೂ ಬಡತನದ್ದು. ಪ್ರಸಾರದಲ್ಲಿ ಬೆಳಕು ನೆರಳಿಗೆ 720ಕ್ಕೆ 576 ಚುಕ್ಕಿ ಕೊಟ್ಟರೆ, ಬಣ್ಣಕ್ಕೆ ಕೊಡುವುದು 360ಕ್ಕೆ 288 ಮಾತ್ರ, ಅಂದರೆ ಕಾಲು ಭಾಗ. ಕಣ್ಣು ಬಣ್ಣದ ಅಂಚನ್ನು ಅಷ್ಟಾಗಿ ಗಮನಿಸುವುದಿಲ್ಲ ಅನ್ನುವ ಧೈರ್ಯದ ಮೇಲೆ ಮಾಡಿದ ಉಳಿತಾಯ ಅದು. ಸಣ್ಣ ಟಿವಿಯಲ್ಲಿ ಆ ಧೈರ್ಯ ಸರಿಯಾಗೇ ಇತ್ತು. 55 ಇಂಚಿನಲ್ಲಿ ಹಾಗಲ್ಲ. ಸೊಂಟದವರೆಗೆ ಕಾಣುವ ಶಾಟಿನಲ್ಲಿ ಹಣೆಯ ಕುಂಕುಮವನ್ನು ಸ್ವಲ್ಪ ಗಮನಿಸಿ ನೋಡಿ. ದುಂಡಗೆ ಇರುವುದಿಲ್ಲ. ಕೆಂಪು ಹುಬ್ಬಿನ ಕಡೆಗೆ ಸೋರಿರುತ್ತದೆ, ಅವಳು ತಲೆ ಆಡಿಸಿದಾಗ ಒಂದು ಕ್ಷಣ ಚೌಕವಾಗಿ ಮತ್ತೆ ಕರಗುತ್ತದೆ. ಕೆಂಪು ರೇಷ್ಮೆ ಸೀರೆಯಾದರೆ ಜರಿಯ ಅಂಚೂ ಒಡಲೂ ಒಂದೇ ಮುದ್ದೆ.

ಇದರ ಮೇಲೆ ಒತ್ತಿ ಸಣ್ಣದು ಮಾಡುವ ಕೆಲಸ ಬೇರೆ. ಉಪಗ್ರಹದಲ್ಲಿ ಚಾನೆಲ್‌ಗಳನ್ನು ಹೊತ್ತು ಕಳಿಸುವ ಒಂದೇ ಟ್ರಾನ್ಸ್‌ಪಾಂಡರಿನಲ್ಲಿ ಹತ್ತಾರು ಎಸ್‌ಡಿ ಚಾನೆಲ್ ತುಂಬಿರುತ್ತಾರೆ. ಇಬ್ಬರು ಕೂತು ಮಾತಾಡುವ ದೃಶ್ಯಕ್ಕೆ ಏನೂ ತೊಂದರೆ ಇಲ್ಲ. ಮಳೆ, ಬೆಂಕಿ, ಜಾತ್ರೆಯ ಜನ, ಹೂವಿನ ಸುರಿಮಳೆ ಬಂದರೆ ಮುಗಿಯಿತು. ಅಭಿಷೇಕ ನೋಡುವಾಗ ಹಾಲು ಧಾರೆಯಾಗಿ ಬೀಳುವ ಬದಲು ಚೌಕ ಚೌಕವಾಗಿ ಬೀಳುತ್ತದೆ. ಕ್ಯಾಮೆರಾ ಚೆಂಡಿನ ಹಿಂದೆ ಓಡಿದರೆ ಕ್ರಿಕೆಟ್ ಮೈದಾನದ ಹುಲ್ಲು ಹಸಿರು ಬಣ್ಣ ಬಳಿದ ನೆಲವಾಗುತ್ತದೆ, ಕ್ಯಾಮೆರಾ ನಿಂತ ಮೇಲೆ ನಿಧಾನಕ್ಕೆ ಮತ್ತೆ ಹುಲ್ಲಾಗುತ್ತದೆ.

ಹಳೇ ಚಿತ್ರ ಒಂದೇ ಏಟಿಗೆ ಬರುವುದೂ ಇಲ್ಲ. ಮೊದಲು ಬೆಸ ಗೆರೆಗಳು, ಆಮೇಲೆ ಸರಿ ಗೆರೆಗಳು, ಸೆಕೆಂಡಿಗೆ 50 ಸಲ ಅರ್ಧರ್ಧ ಚಿತ್ರ. ಡಬ್ಬಾ ಟಿವಿ ಅದನ್ನು ಬಂದ ಹಾಗೇ ಬರೆಯುತ್ತಿತ್ತು. ಈಗಿನ ಟಿವಿಗೆ ಅರ್ಧ ಚಿತ್ರ ತೋರಿಸಲು ಬರುವುದಿಲ್ಲ, ಎರಡನ್ನೂ ಹೊಲಿದು ಒಂದು ಮಾಡಬೇಕು. ಹೊಲಿಗೆ ತಪ್ಪಿದರೆ, ಬಳೆ ತೊಟ್ಟ ಕೈ ಬೀಸಿದಾಗ ಅದರ ಅಂಚಿನಲ್ಲಿ ಬಾಚಣಿಗೆ ಹಲ್ಲು ಮೂಡುತ್ತದೆ.

ಅಡುಗೆಮನೆ ಬಾಗಿಲಿನಿಂದ

ಹಾಗಾದರೆ ಡಬ್ಬಾ ಟಿವಿ ಇದನ್ನೆಲ್ಲ ಹೇಗೆ ಮುಚ್ಚಿಟ್ಟಿತ್ತು? ಒಂದು ಕಾರಣ ಅದರ ಮೆತ್ತನೆಯ ಗೆರೆ. ಗಾಜಿನ ಹಿಂದೆ ಹೊಳೆಯುವ ಚುಕ್ಕಿಗೆ ಚೂಪಾದ ಅಂಚಿರಲಿಲ್ಲ. ಒಂದು ಗೆರೆ ಪಕ್ಕದ ಗೆರೆಗೆ ಸ್ವಲ್ಪ ಕರಗುತ್ತಿತ್ತು. ಚೌಕಗಳು ಕಾಣುತ್ತಿರಲಿಲ್ಲ, ಯಾಕೆಂದರೆ ಆ ಪರದೆಗೆ ಚೌಕ ಬರೆಯಲು ಬರುತ್ತಲೇ ಇರಲಿಲ್ಲ.

ಎರಡನೆಯದು ದೂರ. ಇದನ್ನು ಕೂತು ಲೆಕ್ಕ ಹಾಕಿದಾಗ ನನಗೇ ಮಜಾ ಅನ್ನಿಸಿತು. ಕಣ್ಣು ಸರಿಯಾಗಿರುವವರು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸಣ್ಣದನ್ನು ಬೇರೆ ಬೇರೆ ಮಾಡಿ ನೋಡಬಲ್ಲರು ಅನ್ನುವುದು ಸಾಮಾನ್ಯ ಲೆಕ್ಕ. 21 ಇಂಚಿನ ಟಿವಿಯ ಚಿತ್ರದ ಎತ್ತರ ಸುಮಾರು ಹನ್ನೆರಡೂವರೆ ಇಂಚು. ಅದರಲ್ಲಿ 576 ಗೆರೆ ಅಂದರೆ ಒಂದು ಗೆರೆ ಸುಮಾರು ಅರ್ಧ ಮಿಲಿಮೀಟರ್. ಆರು, ಆರೂವರೆ ಅಡಿ ದಾಟಿದರೆ ಆ ಗೆರೆಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ. ನಾವೆಲ್ಲ ಚಾಪೆ ಮೇಲೆ ಕೂತಿರುತ್ತಿದ್ದದ್ದು ಏಳೆಂಟು ಅಡಿ ದೂರದಲ್ಲಿ. ಹತ್ತಿರ ಹೋದರೆ “ಹಿಂದಕ್ಕೆ ಕೂತ್ಕೋ, ಕಣ್ಣು ಹಾಳಾಗುತ್ತೆ” ಅಂತ ಬೈಗುಳ ಬೀಳುತ್ತಿತ್ತು. ಕಣ್ಣು ಹಾಳಾಗುತ್ತಿತ್ತೋ ಇಲ್ಲವೋ, ಚಿತ್ರವಂತೂ ಹಾಳಾಗದೆ ಉಳಿಯುತ್ತಿತ್ತು.

55 ಇಂಚಿನ ಟಿವಿಯ ಎತ್ತರ 27 ಇಂಚು. ಅದೇ 576 ಗೆರೆ ಅಲ್ಲಿ ಒಂದೊಂದೂ 1.2 ಮಿಲಿಮೀಟರ್ ದಪ್ಪ. ಅವು ಕರಗಬೇಕಾದರೆ 13 ಅಡಿಗಿಂತ ಹಿಂದೆ ಕೂರಬೇಕು. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟುಗಳಲ್ಲಿ ಟಿವಿಯಿಂದ 13 ಅಡಿ ಹಿಂದೆ ಹೋದರೆ ಗೋಡೆ ಸಿಗುತ್ತದೆ, ಇಲ್ಲವೇ ಅಡುಗೆಮನೆ. ಹಾಸನದ ಮನೆಯಲ್ಲೂ ಅಷ್ಟೇ. ಅಂದರೆ ಅವತ್ತು ಆ ಮನೆಯಲ್ಲಿ ಎಲ್ಲರಿಗಿಂತ ಒಳ್ಳೇ ಚಿತ್ರ ನೋಡುತ್ತಿದ್ದವರು ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮ್ಮ. ನಾನು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಗೊಣಗುತ್ತಿದ್ದೆ. (ಇದೇ ಲೆಕ್ಕದಲ್ಲಿ 55 ಇಂಚಿನ 4ಕೆ ಟಿವಿಯ ಪೂರ್ತಿ ವಿವರ ಕಾಣಬೇಕಾದರೆ ಮೂರೂವರೆ ಅಡಿ ಹತ್ತಿರ ಕೂರಬೇಕು. ನಮ್ಮಲ್ಲಿ ಯಾವ ಅಮ್ಮ ಬಿಡ್ತಾಳೆ?)

ಆ ಅಳತೆಗೇ ಮಾಡಿದವು

ಗೆರೆ, ಚುಕ್ಕಿ ಬಿಡಿ. ನನಗೆ ಇದರಲ್ಲಿ ನಿಜವಾಗಿ ಹಿಡಿಸಿದ್ದು ಬೇರೆ. ಆ ಕಾಲದ ಕಾರ್ಯಕ್ರಮಗಳು, ಚಿತ್ರ ಮಸುಕಾಗಿ ಕಾಣುತ್ತದೆ ಅನ್ನುವುದು ಗೊತ್ತಿದ್ದೇ ಮಾಡಿದವು. ಟಿವಿ ಸಣ್ಣದು, ಜನ ದೂರ ಕೂತಿರುತ್ತಾರೆ, ಅರ್ಧ ಜನ ಕೆಲಸ ಮಾಡುತ್ತಾ ಕೇಳುತ್ತಿರುತ್ತಾರೆ ಅನ್ನುವುದು ಮಾಡುವವರಿಗೆ ಗೊತ್ತಿತ್ತು. ಅದಕ್ಕೇ ಮುಖ ಹತ್ತಿರದಿಂದ ತೋರಿಸಿದರು. ವಾರ್ತೆ ಓದುವವರನ್ನು ಎದೆಯವರೆಗೆ ಮಾತ್ರ ತೋರಿಸಿದರು. ಶೀರ್ಷಿಕೆಗೆ ದಪ್ಪ ಅಕ್ಷರ, ಸುತ್ತ ಕಪ್ಪು ಗೆರೆ. ಡಬ್ಬಾ ಟಿವಿ ಅಂಚನ್ನು ಸ್ವಲ್ಪ ನುಂಗುತ್ತಿತ್ತು, ಆದ್ದರಿಂದ ಮುಖ್ಯವಾದದ್ದೆಲ್ಲ ನಡುವೆ.

ಚಂದನದ ‘ಥಟ್ ಅಂತ ಹೇಳಿ’ ನೋಡಿ. 2002ರಿಂದ ನಡೆದು ಬಂದ ಕ್ವಿಜ್. ಸರಿ ಉತ್ತರ ಹೇಳಿದವರಿಗೆ ಪುಸ್ತಕ ಬಹುಮಾನ. ಅದರ ಹಳೇ ಕಂತನ್ನು ದೊಡ್ಡ ಟಿವಿಯಲ್ಲಿ ಹಾಕಿದರೆ ಪುಸ್ತಕದ ಹೊದಿಕೆಯ ಸಣ್ಣ ಅಕ್ಷರ ಓದಲು ಬರುವುದಿಲ್ಲ. ಆದರೆ ಓದುವ ಅಗತ್ಯವೇ ಬೀಳುವುದಿಲ್ಲ. ಕ್ವಿಜ್ ನಡೆಸುವ ನಾ. ಸೋಮೇಶ್ವರ ಅವರು ಪ್ರಶ್ನೆಯನ್ನೂ ಬಿಡಿಸಿ ಓದುತ್ತಾರೆ, ಪುಸ್ತಕದ ಹೆಸರನ್ನೂ ಬಾಯಿಬಿಟ್ಟು ಹೇಳುತ್ತಾರೆ. ಪರದೆಗೆ ಬೆನ್ನು ಹಾಕಿ ಕೂತವರಿಗೂ ಆಟ ತಪ್ಪುವುದಿಲ್ಲ. ದೊಡ್ಡಮ್ಮ ಹೇಳಿದ್ದು ಇದನ್ನೇ, ಅಲ್ವಾ?

ಹಾಗೆ ಮಾಡಿದ್ದನ್ನು ದೊಡ್ಡದು ಮಾಡಿದಾಗ ಕೆಲವು ಅಭ್ಯಾಸಗಳು ನಗೆ ತರಿಸುತ್ತವೆ. ಹಳೇ ಧಾರಾವಾಹಿಯಲ್ಲಿ ಯಾರೋ ಬಾಗಿಲಲ್ಲಿ ನಿಂತು ಗುಟ್ಟು ಕೇಳಿಸಿಕೊಂಡರೆ ಸಾಕು, ಢಣ್ ಢಣ್ ಢಣ್ ಅಂತ ಅತ್ತೆಯ ಮುಖ ಮೂರು ಸಲ ಬರುತ್ತದೆ, ಪ್ರತಿ ಸಲ ಇನ್ನಷ್ಟು ಹತ್ತಿರ. 21 ಇಂಚಿನಲ್ಲಿ ಅದು ಬೇಕಿತ್ತು. ಕಣ್ಣಿನ ಹೊರಳು ಕಾಣಬೇಕಾದರೆ ಅಷ್ಟು ಹತ್ತಿರ ಹೋಗಲೇಬೇಕಿತ್ತು. 55 ಇಂಚಿನಲ್ಲಿ ಎರಡಡಿಗೂ ಜಾಸ್ತಿ ಎತ್ತರದ ಮುಖ, ಹಿಗ್ಗಿಸಿದ್ದರಿಂದ ಇನ್ನಷ್ಟು ಅಗಲವಾಗಿ, ಮೂರು ಸಲ ಮೈಮೇಲೆ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಎಚ್ಚರ.

ಒಂದು ವಿಷಯದಲ್ಲಿ ಮಾತ್ರ ಎಸ್‌ಡಿ ಕನ್ನಡಕ್ಕೆ ಮೊದಲಿಂದಲೂ ಅನ್ಯಾಯ ಮಾಡಿದೆ. ಸುದ್ದಿ ಚಾನೆಲ್ಲಿನ ಕೆಳಗೆ ಓಡುವ ಪಟ್ಟಿ. ಇಂಗ್ಲಿಷಿನ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಪಟ್ಟಿಗೆ ಕೊಟ್ಟ ಕೆಲವೇ ಗೆರೆಗಳಲ್ಲಿ ಮೂರು ಅಂತಸ್ತು ಕಟ್ಟಬೇಕು. ಒತ್ತಕ್ಷರದ ಪಾಲಿಗೆ ಉಳಿಯುವುದು ಬೆರಳೆಣಿಕೆಯ ಗೆರೆ. ದಕಾರ ಧಕಾರದ ನಡುವಿನ ಸೀಳು ಎಲ್ಲಿ ಉಳಿಯಬೇಕು? ಮುಂದಿನ ಪದ ನೋಡಿ ಹಿಂದಿನದನ್ನು ಊಹೆ ಮಾಡುತ್ತಾ ಓದುತ್ತೇವೆ. ಇಲ್ಲಿ ಮಾತ್ರ ಎಚ್‌ಡಿಯಿಂದ ನಿಜವಾದ ಲಾಭ ಕನ್ನಡದವರಿಗೇ ಜಾಸ್ತಿ.

ಸಿನಿಮಾ ಪಾರಾಯಿತು, ಟೇಪು ಸಿಕ್ಕಿಹಾಕಿಕೊಂಡಿತು

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಉದಯ ಟಿವಿ ಬಂದದ್ದು 1994ರಲ್ಲಿ. ಅಲ್ಲಿಂದ ಎಚ್‌ಡಿ ಬರುವವರೆಗೆ ಕನ್ನಡ ಟಿವಿಗಾಗಿ ಸ್ಟುಡಿಯೋದಲ್ಲಿ ಟೇಪಿಗೆ ಇಳಿಸಿದ್ದೆಲ್ಲ, ನಾಟಕ, ಸಂದರ್ಶನ, ಸುಗಮ ಸಂಗೀತ, ಧಾರಾವಾಹಿ, ಎಲ್ಲವೂ ಆ 576 ಗೆರೆಯೊಳಗೇ ಇದೆ. ಅದಕ್ಕಿಂತ ಒಂದು ಗೆರೆ ಜಾಸ್ತಿ ಎಲ್ಲೂ ಬಚ್ಚಿಟ್ಟುಕೊಂಡಿಲ್ಲ. ಸಿನಿಮಾ ಹಾಗಲ್ಲ. 35 ಎಂಎಂ ನೆಗೆಟಿವ್ ಚೆನ್ನಾಗಿ ಉಳಿದಿದ್ದರೆ ಇವತ್ತು ಹೊಸದಾಗಿ ಸ್ಕ್ಯಾನ್ ಮಾಡಿ ಎಚ್‌ಡಿಗಿಂತ ಹೆಚ್ಚು ವಿವರ ತೆಗೆಯಬಹುದು. ಹೀಗಾಗಿ ಕಾಲವೇ ಉಲ್ಟಾ ಆದಂತೆ ಕಾಣುತ್ತದೆ. ಚೆನ್ನಾಗಿ ಸ್ಕ್ಯಾನ್ ಮಾಡಿದ 60ರ ದಶಕದ ಕಪ್ಪು ಬಿಳುಪು ಸಿನಿಮಾದಲ್ಲಿ ಪಂಚೆಯ ನೆರಿಗೆ ಎಣಿಸಬಹುದು. 2005ರ ಧಾರಾವಾಹಿಯಲ್ಲಿ ಸೀರೆಯ ಬುಟ್ಟಾ ಕಾಣುವುದಿಲ್ಲ.

ಲಾಕ್‌ಡೌನ್ ಶುರುವಾದಾಗ, 2020ರ ಮಾರ್ಚ್ 28ರಿಂದ, ದೂರದರ್ಶನ 1987ರ ರಾಮಾಯಣವನ್ನು ಮತ್ತೆ ಹಾಕಿತಲ್ಲ. ಅದನ್ನು ಮೊದಲ ಸಲ ಪುಟ್ಟ ಟಿವಿಗಳಲ್ಲಿ ನೋಡಿದ್ದ ಜನ ಈ ಸಲ ಗೋಡೆಗೆ ಹಾಕಿದ ಚಪ್ಪಟೆ ಟಿವಿಗಳಲ್ಲಿ ನೋಡಿದರು. ಆಕಾಶದಲ್ಲಿ ಬಾಣಕ್ಕೆ ಬಾಣ ತಾಗುವಾಗ ಅಂಟಿಸಿದ ಅಂಚು ಎದ್ದು ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಅದನ್ನು ಎತ್ತಿ ಆಡಿದವನು ನಾನೊಬ್ಬನೇ. ಬಾಕಿಯವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಟೇಪಿನ ವಿಷಯ ಬಂದಾಗ ಮದುವೆ ಕ್ಯಾಸೆಟ್ ಬಿಡೋಕಾಗಲ್ಲ. ಅದು ಎಸ್‌ಡಿಗಿಂತಲೂ ಕೆಳಗೆ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಉಳಿಯುವ ವಿವರ ಸುಮಾರು 240 ಗೆರೆಯಷ್ಟು. ನಮ್ಮ ಅತ್ತೆಯ ಮದುವೆಯದ್ದನ್ನು ಯಾರೋ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದಿದ್ದರು. ಹಬ್ಬಕ್ಕೆ ಎಲ್ಲ ಸೇರಿದ್ದಾಗ ದೊಡ್ಡ ಟಿವಿಗೆ ಹಾಕಿದೆವು. ವಿಡಿಯೋದವನ ಬಿಳಿ ದೀಪ ಬಿದ್ದ ಕಡೆಯೆಲ್ಲ ಮುಖದ ಬದಲು ಬಿಳಿ ಮಚ್ಚೆ. ಮೂಗಿಲ್ಲ, ಬಾಯಿಲ್ಲ. ಹೃದಯದ ಆಕಾರದೊಳಗೆ ವಧು ವರರು ಗರಗರ ತಿರುಗಿ ಹೋದರು. “ಇದ್ಯಾರು? ಅದ್ಯಾರು?” ಅಂತ ಮಕ್ಕಳು ಕೇಳಿದರೆ ನಮ್ಮ ವಯಸ್ಸಿನವರು ತಡವರಿಸುತ್ತಿದ್ದೆವು. ಅಜ್ಜಿ ಮಾತ್ರ ತಡವರಿಸಲಿಲ್ಲ. “ಅಗೋ ತಿಪಟೂರಿನ ಚಿಕ್ಕಮ್ಮ. ಎಡಗಾಲು ಸ್ವಲ್ಪ ಎಳೀತಾಳೆ ನೋಡು.” “ಅವನು ಅಡುಗೆ ಭಟ್ಟ, ಹೆಗಲ ಮೇಲೆ ಟವಲ್ ಹಾಗೆ ಹಾಕೋನು ಅವನೊಬ್ಬನೇ.” ಅವರು ಮುಖ ನೋಡುತ್ತಲೇ ಇರಲಿಲ್ಲ. ಕೊನೆಗೆ ಅಣ್ಣನ ಮಗಳು ಬೇಜಾರಾಗಿ ಅದೇ ಫೈಲನ್ನು ಫೋನಿಗೆ ಹಾಕಿಕೊಂಡಳು. ಅಲ್ಲಿ ಎಲ್ಲರಿಗೂ ಮೂಗು, ಬಾಯಿ ವಾಪಸ್ ಬಂದವು. ಸಂಜೆವರೆಗೆ ಫೋನು ಕೈಯಿಂದ ಕೈಗೆ ಓಡಾಡಿತು.

ರಿಮೋಟು ಸಿಕ್ಕರೆ

ನನ್ನ ಕೈಗೆ ರಿಮೋಟು ಕೊಟ್ಟರೆ ಏನು ಮಾಡುತ್ತೇನೆ ಅಂತ ಕೇಳಿದರೆ, ಮೊದಲ ಕೆಲಸ ಶಾರ್ಪ್‌ನೆಸ್ ಇಳಿಸುವುದು. ಹೆಸರು ಕೇಳಿ ಮೋಸ ಹೋಗಬೇಡಿ. ಅದು ಇಲ್ಲದ ವಿವರ ತರುವುದಿಲ್ಲ, ಇರುವ ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ. ಎಸ್‌ಡಿ ಚಿತ್ರದಲ್ಲಿ ಅದು ಕೊಳೆಯನ್ನೂ ಚೂಪು ಮಾಡಿ ತೋರಿಸುತ್ತದೆ. ಸೊನ್ನೆಯ ಹತ್ತಿರ ತಂದರೆ ಡಬ್ಬಾ ಟಿವಿಯ ಮೆತ್ತನೆ ಸ್ವಲ್ಪ ವಾಪಸ್ ಬರುತ್ತದೆ. ಆಮೇಲೆ ಬಣ್ಣ ಜಾಸ್ತಿ ಮಾಡಿ ತೋರಿಸುವ, ಅಂಗಡಿಯ ವಿವಿಡ್ ಮೋಡು ತೆಗೆಯುವುದು, ಚಲನೆಯನ್ನು ನುಣುಪು ಮಾಡುವ ಆಟ ನಿಲ್ಲಿಸುವುದು. ಬಾಕ್ಸಿನಲ್ಲಿ ಎಚ್‌ಡಿ ಚಿತ್ರ ಕಳಿಸಬಲ್ಲ ಎಚ್‌ಡಿಎಂಐ ತೂತು ಇದ್ದರೆ ಆ ಹಳದಿ ಪಿನ್ನನ್ನು ಕಿತ್ತು ಅದರ ತಂತಿ ಹಾಕುವುದು. ಎಚ್‌ಡಿ ಚಾನೆಲ್ಲೇ ಹಾಕಿಸಿಕೊಳ್ಳಿ ಅನ್ನುವುದು ಸುಲಭ. 2019ರಲ್ಲಿ ಟಿವಿ ಚಾನೆಲ್ ದರಕ್ಕೆ ನಿಯಮ ಮಾಡುವ ಟ್ರಾಯ್‌ನ ಹೊಸ ನಿಯಮ ಬಂದಾಗ 130 ರೂಪಾಯಿ, ಅದರ ಮೇಲೆ ತೆರಿಗೆ ಕಟ್ಟಿದರೆ 100 ಎಸ್‌ಡಿ ಚಾನೆಲ್, ಅದರಲ್ಲಿ ಒಂದು ಎಚ್‌ಡಿ ಚಾನೆಲ್ ಎರಡು ಎಸ್‌ಡಿಗೆ ಸಮ ಅಂತ ಲೆಕ್ಕ ಮಾಡಿದ್ದರು. ಒಂದಕ್ಕೆ ಎರಡು ಬಿಟ್ಟುಕೊಡು ಅಂದರೆ ಪಿಂಚಣಿಯ ಮನೆಯಲ್ಲಿ ಯಾರು ಒಪ್ಪುತ್ತಿದ್ದರು? ಎಚ್‌ಡಿ ಚಾನೆಲ್ಲಿಗೆ ದುಡ್ಡು ಕಟ್ಟಿದರೂ ಅದರಲ್ಲಿ ಹಳೇ ಧಾರಾವಾಹಿ ಬಂದಾಗ ಮತ್ತೆ ಅದೇ 576 ಗೆರೆ.

ಮನೆಯ ಟಿವಿಯಲ್ಲಿ ಹಿಗ್ಗಿಸಿದ್ದನ್ನು ರಿಮೋಟಿನಲ್ಲಿ ಕುಗ್ಗಿಸಬಹುದು, ಹಾಗಾಗಿ ಅದರ ಬಗ್ಗೆ ನನಗೀಗ ಅಷ್ಟು ತಲೆಬಿಸಿ ಇಲ್ಲ. ಹಳೇ ಧಾರಾವಾಹಿಗಳನ್ನು ಯೂಟ್ಯೂಬಿಗೆ ಏರಿಸುವಾಗಲೇ 16:9ಕ್ಕೆ ಹಿಗ್ಗಿಸಿಬಿಡುತ್ತಾರಲ್ಲ, ನನ್ನ ನಿಜವಾದ ಸಿಟ್ಟು ಅದರ ಮೇಲೆ. ಕೆಲವರು ತಲೆ ಕತ್ತರಿಸಿ ಅಗಲ ಮಾಡುತ್ತಾರೆ. ಕೆಲವರು ಪಕ್ಕದ ಜಾಗಕ್ಕೆ ಅದೇ ಚಿತ್ರವನ್ನು ಮಸುಕು ಮಾಡಿ ತುಂಬುತ್ತಾರೆ. ಈಗೀಗ ಎಐ ಹಚ್ಚಿ ಇಲ್ಲದ ರೆಪ್ಪೆಗೂದಲನ್ನೂ ಬರೆಸುತ್ತಿದ್ದಾರೆ. ಸೆಕೆಂಡಿಗೆ 50 ಅರ್ಧ ಚಿತ್ರ ಇದ್ದದ್ದನ್ನು 25 ಪೂರ್ತಿ ಚಿತ್ರ ಮಾಡುವಾಗ ಅರ್ಧದಷ್ಟು ಚಲನೆಯೇ ಹೋಗುತ್ತದೆ. ಭರತನಾಟ್ಯದ ಹಳೇ ರೆಕಾರ್ಡಿಂಗ್ ನೋಡಿದರೆ ಗೊತ್ತಾಗುತ್ತದೆ, ಕೈ ಮುದ್ರೆಯಿಂದ ಮುದ್ರೆಗೆ ಹಾರುತ್ತದೆ. ಮೂಲ ಟೇಪು ಆಮೇಲೆ ಬೂಷ್ಟು ಹಿಡಿದು ಹೋದರೆ ಇದೊಂದೇ ಪ್ರತಿ ಉಳಿಯುವುದು.

ಟೇಪು ಇಟ್ಟುಕೊಂಡಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. 4:3 ಇದ್ದದ್ದನ್ನು 4:3 ಆಗಿಯೇ ಹಾಕಿ. ಬೆಸ ಗೆರೆ, ಸರಿ ಗೆರೆ ಬಂದ ಹಾಗೇ ಒಂದು ಫೈಲು ತೆಗೆದಿಡಿ, ಜನಕ್ಕೆ ತೋರಿಸಲು ಬೇರೆ ಪ್ರತಿ ಮಾಡಿಕೊಳ್ಳಿ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ. ಅದಕ್ಕೆ ದೊಡ್ಡಪ್ಪನಂಥವರು ಬೈದರೆ ನನ್ನ ಹೆಸರು ಹೇಳಿ.